ಹೊಳೆಯ ಹಳೆಯ ಒಕ್ಕಲು

ಸ್ಕೂಬಾ ತೊಟ್ಟು ಕಡಲಿಗಿಳಿದವರನ್ನು ಆಕ್ಟೋಪಸ್‌ನಷ್ಟು ಸೆಳೆಯುವ ಜೀವಿಗಳು ಕಡಿಮೆ. ಬಂಡೆಯ ಸಂದಿಯಲ್ಲಿ ಅಡಗಿ, ಬಣ್ಣ ಬದಲಿಸಿ, ಬಂದವರನ್ನು ತಾನೂ ದಿಟ್ಟಿಸುವ ಪ್ರಾಣಿ ಅದು. ಅದನ್ನು ಹುಡುಕುವವರು ಮೊದಲು ನೋಡುವುದು ಗೂಡಿನ ಬಾಯಲ್ಲಿ ಬಿದ್ದಿರುವ, ಅದು ತಿಂದು ಬಿಟ್ಟ ಚಿಪ್ಪುಗಳನ್ನು. ಆಕ್ಟೋಪಸ್ ಸಿಹಿನೀರಿನಲ್ಲಿ ಬಾಳುವುದಿಲ್ಲ, ಕೊಪ್ಪಳ ಜಿಲ್ಲೆಗೆ ಕಡಲೂ ಇಲ್ಲ. ಆದರೆ ಗಂಗಾವತಿ ಸೀಮೆಯ ತುಂಗಭದ್ರೆಯಲ್ಲಿ ಅಷ್ಟೇ ಚುರುಕಾದ ಬೇಟೆಗಾರ ಜೀವಿಯಿದೆ: ನೀರುನಾಯಿ. ಅದರ ಸುಳಿವು ಸಿಗುವುದೂ ಉಂಡು ಬಿಟ್ಟದ್ದರಿಂದಲೇ, ಅಂದರೆ ಬಂಡೆಗಳ ಮೇಲೆ ಉಳಿದ, ಮೀನಿನ ಹುರುಪೆ ಮತ್ತು ಮುಳ್ಳು ತುಂಬಿದ ಹಿಕ್ಕೆಯಿಂದ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ದೇಶದ ಮೊದಲ ತಾಣವಿದು. ಮನುಷ್ಯರ ಕೈಯಿಂದ ಹೊಳೆಯನ್ನು ಬಿಡಿಸಿ ಪ್ರಾಣಿಗೆ ಒಪ್ಪಿಸಿದ ಕ್ರಮವೆಂದು ಇದನ್ನು ಓದಿದರೆ ಈ ಸೀಮೆಯ ಇತಿಹಾಸವನ್ನೇ ತಪ್ಪಾಗಿ ಓದಿದಂತೆ. ಇಲ್ಲಿನ ನೀರುನಾಯಿ ಜನ ಮುಟ್ಟದ ಕಾಡಿನ ಕೊನೆಯ ಕುಡಿಯಲ್ಲ. ನೂರಾರು ವರ್ಷ ಜನ ಬಳಸಿದ ಹೊಳೆಯ ಒಕ್ಕಲು ಅದು.

ಇದಕ್ಕೆ ಮೊದಲ ಸಾಕ್ಷಿ ಹೊಳೆಯ ರೂಪವೇ. ಆನೆಗೊಂದಿ, ಹಂಪಿಗಳ ನಡುವೆ ತುಂಗಭದ್ರೆ ಒಂದೇ ಧಾರೆಯಾಗಿ ಹರಿಯುವುದಿಲ್ಲ. ಗ್ರಾನೈಟ್ ಗುಂಡುಗಳ ನಡುವೆ ಸೀಳಿಕೊಂಡು ನಡುಗಡ್ಡೆಗಳನ್ನೂ ಆಳವಾದ ಮಡುಗಳನ್ನೂ ಮಾಡಿಕೊಂಡು ಸಾಗುತ್ತದೆ. ನೀರುನಾಯಿಗೆ ಬೇಕಾದದ್ದೂ ಇವೇ: ಮರಿ ಹಾಕಲು ಬಂಡೆಯಡಿಯ ಪೊಟರೆ, ಮೈ ಒಣಗಿಸಲು ದಡ, ಗುಂಪಾಗಿ ಮೀನು ಅಟ್ಟಲು ಮಡು. ವಿಜಯನಗರದ ಕಾಲುವೆ ಕಟ್ಟಿದವರು ಈ ರೂಪವನ್ನು ಅಳಿಸಲಿಲ್ಲ, ಅದನ್ನೇ ಬಳಸಿಕೊಂಡರು. ಬಂಡೆಯಿಂದ ಬಂಡೆಗೆ ಕಲ್ಲು ಪೇರಿಸಿ ತಗ್ಗು ಒಡ್ಡುಗಳನ್ನು ಕಟ್ಟಿ ನೀರನ್ನು ಪಕ್ಕಕ್ಕೆ ತಿರುಗಿಸಿದರು. ಬಲದಂಡೆಯ ತುರ್ತು ಕಾಲುವೆ, ಎಡದಂಡೆಯ ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಒಡ್ಡಿನ ಹಿಂದೆ ನೀರು ನಿಲ್ಲುತ್ತದೆ, ಹೆಚ್ಚಾದದ್ದು ಮೇಲಿಂದ ಹರಿದುಹೋಗುತ್ತದೆ. ಹೊಳೆಯೂ ಉಳಿಯಿತು, ಬೇಸಾಯವೂ ನಡೆಯಿತು. ದಾಟುವ ಸಾಧನವೂ ಹಾಗೆಯೇ ಇತ್ತು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಗೆ ಜನ ದಾಟುತ್ತಿದ್ದ ದುಂಡನೆಯ, ಚರ್ಮ ಹೊದಿಸಿದ ಹರಿಗೋಲುಗಳನ್ನು ವಿವರಿಸಿದ್ದಾನೆ. ಬಂಡೆ ತುಂಬಿದ ಹೊಳೆಗೆ ಒಗ್ಗಿದ ದೋಣಿ ಅದು. ಅದರ ದಾರಿಗಾಗಿ ಯಾರೂ ಬಂಡೆ ಒಡೆಯಬೇಕಾಗಿರಲಿಲ್ಲ.

ಹಿಂದಿನವರೆಲ್ಲ ನಿಸರ್ಗಪ್ರೇಮಿಗಳು, ಇಂದಿನವರೆಲ್ಲ ಅಲ್ಲ ಎಂಬ ಸುಲಭದ ಮಾತಿಗೆ ಇದು ಜಾರುತ್ತದೆಯಲ್ಲ ಎಂದು ಆಕ್ಷೇಪಿಸಬಹುದು. ಹಿಂದಿನವರ ಬಳಿ ಸಿಡಿಮದ್ದಿನಿಂದ ಬಂಡೆ ಸೀಳುವ ತಂತ್ರವಿರಲಿಲ್ಲ, ಅವರ ಸಂಯಮಕ್ಕೆ ಅದೂ ಕಾರಣ ಎಂಬುದು ನಿಜ. ನನ್ನ ವಾದ ಅವರ ಮನಸ್ಸಿನ ಬಗ್ಗೆ ಅಲ್ಲ, ಅವರ ಕೆಲಸದ ಫಲದ ಬಗ್ಗೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು 1945ರಲ್ಲಿ ಆರಂಭಿಸಿದ, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಕೆಳಗೇ ನೀರುನಾಯಿ ಬದುಕಿದೆ, ಹಾಗಾದರೆ ದೊಡ್ಡ ಬದಲಾವಣೆಯೂ ಅದಕ್ಕೆ ಸಹ್ಯವೇ ಅಲ್ಲವೇ? ಬದುಕಿರುವುದು ಹೌದು, ಆದರೆ ಅದಕ್ಕೂ ಕಾರಣ ಅಣೆಕಟ್ಟಿನ ಕೆಳಗೆ ಉಳಿದ ಬಂಡೆ ಮತ್ತು ಮಡು. ಹೊಳೆಯ ಹರಿವು ಈಗ ಗೇಟುಗಳ ಕೈಯಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಮಡುಗಳೇ ಮೀನಿಗೂ ನೀರುನಾಯಿಗೂ ಕೊನೆಯ ಆಸರೆ. ಆದ್ದರಿಂದಲೇ ಮರಳು ಬಗೆಯುವುದು, ದಡದ ಕಲ್ಲು ಒಡೆಯುವುದು, ತೋಟೆ ಸಿಡಿಸಿ ಮೀನು ಹಿಡಿಯುವುದು ಹಳೆಯ ಬಳಕೆಗಳ ಮುಂದುವರಿಕೆಯಲ್ಲ. ಹಳೆಯದು ಹೊಳೆಯ ರೂಪವನ್ನು ಬಳಸಿತು, ಇವು ಆ ರೂಪವನ್ನೇ ಮುಗಿಸುತ್ತವೆ.

ಮೀನುಗಾರರ ದೂರನ್ನು ಬದಿಗೆ ಸರಿಸುವಂತಿಲ್ಲ. ನೀರುನಾಯಿ ಬಲೆ ಹರಿಯುತ್ತದೆ, ಸಿಕ್ಕ ಮೀನನ್ನು ತಿನ್ನುತ್ತದೆ. ಅಂದಂದಿನ ದುಡಿಮೆಯಲ್ಲಿ ಬದುಕುವ ಅಂಬಿಗರಿಗೆ ಹರಿದ ಬಲೆ ಸಣ್ಣ ನಷ್ಟವಲ್ಲ. ಅದಕ್ಕೆ ಪರಿಹಾರ ಸಿಗಲೇಬೇಕು. ಆದರೆ ತೋಟೆ ಮೊಟ್ಟೆ, ಮರಿ, ಮೀನು ಎನ್ನದೆ ಇಡೀ ಮಡುವನ್ನೇ ಬರಿದು ಮಾಡುತ್ತದೆ. ಬಲೆಯ ಅಂಬಿಗನಿಗೂ ನೀರುನಾಯಿಗೂ ಅಲ್ಲಿ ಸಮಾನ ಸೋಲು. ಬಾಂಗ್ಲಾದೇಶದ ನಡಾಯಿಲ್‌ನಲ್ಲಿ ಇದೇ ಜಾತಿಯ ನೀರುನಾಯಿಗಳನ್ನು ಪಳಗಿಸಿ, ಅವು ಅಟ್ಟಿದ ಮೀನನ್ನು ಬಲೆಗೆ ಹಿಡಿಯುವ ಕಸುಬು ತಲೆಮಾರುಗಳಿಂದ ನಡೆದು ಬಂದಿದೆ. ಸಿಂಗಪುರದಲ್ಲಿ ಇವು ನಗರದ ನಡುವಿನ ಕಾಲುವೆಗಳಲ್ಲೇ ಸಂಸಾರ ಹೂಡಿವೆ. ಪಳಗಿಸುವ ಪದ್ಧತಿ ಇಲ್ಲಿಗೆ ಬೇಕಿಲ್ಲ, ನಮ್ಮ ಕಾನೂನು ಅದಕ್ಕೆ ಒಪ್ಪುವುದೂ ಇಲ್ಲ. ಆದರೆ ಮನುಷ್ಯರ ಸಾಮೀಪ್ಯವೇ ಈ ಪ್ರಾಣಿಗೆ ಮೃತ್ಯುವಲ್ಲ ಎಂಬುದನ್ನು ಈ ಎರಡೂ ಊರುಗಳು ತೋರಿಸುತ್ತವೆ.

ಕುಷ್ಟಗಿ, ಯಲಬುರ್ಗಾದ ರೈತರು ಮಳೆಯ ದಾರಿ ಕಾಯುವಾಗ, ಗಂಗಾವತಿಯ ಭತ್ತಕ್ಕೂ ನೀರು ಸಾಲದಾಗ, ಪ್ರಾಣಿಯ ಮಾತೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಮೀಸಲು ಪ್ರದೇಶ ಯಾವ ಹೊಲದ ನೀರನ್ನೂ ಕಸಿಯುವುದಿಲ್ಲ. ಅದು ಕೇಳುವುದು ಬೇಸಿಗೆಯಲ್ಲಿ ಮಡು ಬತ್ತದಂತೆ, ದಡ ಕುಸಿಯದಂತೆ ನೋಡಿಕೊಳ್ಳುವುದನ್ನು. ದಡದ ಊರುಗಳಿಗೂ ದನಕರುಗಳಿಗೂ ಬೇಕಾದದ್ದು ಅದೇ. ಸಂರಕ್ಷಣಾ ಮೀಸಲು ಎಂಬ ಬಗೆಯನ್ನು ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿ ಸೇರಿಸಿತು. ಸರ್ಕಾರಿ ನೆಲದಲ್ಲಿ, ಸ್ಥಳೀಯರೊಡನೆ ಸಮಾಲೋಚಿಸಿ, ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರುವ ಸಮಿತಿಯ ಸಲಹೆಯಂತೆ ನಡೆಸಬೇಕೆಂಬುದು ಅದರ ತಿರುಳು. ಇತಿಹಾಸ ಹೇಳುವುದನ್ನೇ ಕಾನೂನು ಇಲ್ಲಿ ಹೇಳುತ್ತಿದೆ. ಹಂಪಿಯ ಗುಡಿಗಳಿಗೆ 1986ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಆ ಗುಡಿಗಳ ಊರನ್ನು ಸಾಕಿದ ಹೊಳೆಯೂ ಅದೇ ಪರಂಪರೆಯ ಪಾಲು. ಹಳೆಯ ಒಡ್ಡು, ಹರಿಗೋಲಿನ ಕಡವು, ನೀರುನಾಯಿಯ ಪೊಟರೆ ಮೂರೂ ನಿಂತಿರುವುದು ಒಂದೇ ಬಂಡೆಯ ಆಧಾರದಲ್ಲಿ. ಆ ಬಂಡೆಯನ್ನು ಒಡೆಯಲು ಕೊಡುವ ಪ್ರತಿಯೊಂದು ಅನುಮತಿಯನ್ನೂ ಹಂಪಿಯ ಕಂಬಕ್ಕೆ ಏಟು ಬಿದ್ದಷ್ಟೇ ಗಂಭೀರವಾಗಿ ಪ್ರಶ್ನಿಸುವುದು ಈ ಸೀಮೆಯ ಜನರ ಹಕ್ಕು, ಕರ್ತವ್ಯ ಕೂಡ.