ಟಿ.ವಿ.ಗಾಗಿ ಕಂಪ್ಯೂಟರ್ ಅನಿಮೇಷನ್: ಸೆಟ್ಟಿಂಗ್ ಆಯ್ಕೆ ಹೇಗೆ?

ಕಂಪ್ಯೂಟರ್ ಪರದೆಯ ಮೇಲೆ ಸೊಗಸಾಗಿ ಕಂಡ ಅನಿಮೇಷನ್, ಟಿ.ವಿ.ಯಲ್ಲಿ ಪ್ರಸಾರವಾದಾಗ ನಡುಗುವುದು, ಅಕ್ಷರಗಳ ಅಂಚು ಕತ್ತರಿಸಿಹೋಗುವುದು, ಬಣ್ಣ ಕೆಡುವುದು ಅಪರೂಪವೇನಲ್ಲ. ದೋಷ ಬಹುಪಾಲು ಕಲಾವಿದನದಲ್ಲ; ಕೆಲಸಕ್ಕೆ ಕೂರುವ ಮುನ್ನವೇ ನಿರ್ಧರಿಸಬೇಕಾದ ವಿಡಿಯೊ ಸೆಟ್ಟಿಂಗ್‌ಗಳದ್ದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ಕುಳಿತು ತಿಪಟೂರಿನ ಕೊಬ್ಬರಿ ಮಂಡಿಗೆ 30 ಸೆಕೆಂಡುಗಳ ಜಾಹೀರಾತು ತಯಾರಿಸುವವರಿಗೂ, ಬೆಂಗಳೂರಿನ ದೊಡ್ಡ ಸ್ಟುಡಿಯೊಗಳಿಗೂ ನಿಯಮ ಒಂದೇ.

ಸೆಕೆಂಡಿಗೆ 25 ಫ್ರೇಮ್

1982ರಲ್ಲಿ ಬಣ್ಣದ ಪ್ರಸಾರ ಆರಂಭಿಸಿದಾಗ ದೂರದರ್ಶನ ಅನುಸರಿಸಿದ್ದು ಪಾಲ್ ಪದ್ಧತಿಯನ್ನು. ಇದರಲ್ಲಿ ಒಟ್ಟು 625 ಗೆರೆಗಳಿದ್ದು, ಚಿತ್ರಕ್ಕೆ ದೊರೆಯುವುದು 576 ಮಾತ್ರ. ವೇಗ ಸೆಕೆಂಡಿಗೆ 25 ಫ್ರೇಮ್. ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, 29.97 ಫ್ರೇಮ್. ದೂರದರ್ಶನದ ಅನಲಾಗ್ ಭೂಪ್ರಸಾರ ಈಗ ಬಹುತೇಕ ನಿಂತಿದ್ದರೂ 25ರ ಲೆಕ್ಕ ಡಿಜಿಟಲ್ ಯುಗದಲ್ಲೂ ಮುಂದುವರಿದಿದೆ.

ಹಲವು ತಂತ್ರಾಂಶಗಳು ತಾವಾಗಿಯೇ 24 ಅಥವಾ 30 ಫ್ರೇಮ್ ಹಿಡಿದುಕೊಂಡಿರುತ್ತವೆ. ಅದನ್ನು ಬದಲಿಸದೆ ಮುಂದುವರಿದರೆ, ಕೊನೆಯಲ್ಲಿ 900 ಫ್ರೇಮ್‌ಗಳನ್ನು 750ಕ್ಕೆ ಇಳಿಸಬೇಕಾಗುತ್ತದೆ. ಆಗ ಚಲನೆ ಮುಗ್ಗರಿಸುತ್ತದೆ.

ಅಳತೆ ಮತ್ತು ಆಕಾರ

ಎಚ್‌ಡಿ ವಾಹಿನಿಗೆ 1920×1080 ಅಳತೆ ಸೂಕ್ತ. ಇಲ್ಲಿ ಪಿಕ್ಸೆಲ್‌ಗಳು ಚೌಕಾಕಾರ, ಗೊಂದಲವಿಲ್ಲ. ಎಸ್‌ಡಿ ವಾಹಿನಿಯ ಅಳತೆ 720×576. ಇದರ ಪಿಕ್ಸೆಲ್ ಚೌಕವಲ್ಲ. 4:3 ಪರದೆಗೆ ಇದನ್ನು ಚೌಕವೆಂದೇ ತಿಳಿದು ಉಂಡೆ ಕೊಬ್ಬರಿಯನ್ನು ದುಂಡಗೆ ಬರೆದರೆ, ಟಿ.ವಿ.ಯಲ್ಲಿ ಅದು ಅಡ್ಡಲಾಗಿ ಚಪ್ಪಟೆಯಾಗಿ ಕಾಣುತ್ತದೆ. 768×576ರಲ್ಲಿ ಚಿತ್ರಿಸಿ, ಕೊನೆಗೆ 720×576ಕ್ಕೆ ಇಳಿಸುವುದು ಹಳೆಯ ಹಾಗೂ ನಂಬಿಕಸ್ಥ ಉಪಾಯ.

ತೆಂಗಿನ ಗರಿ ಏಕೆ ಮಿನುಗುತ್ತದೆ?

ಇಂಟರ್‌ಲೇಸ್ ಪ್ರಸಾರದಲ್ಲಿ ಒಂದು ಫ್ರೇಮ್ ಎರಡು ಫೀಲ್ಡ್‌ಗಳಾಗಿ ಬರುತ್ತದೆ: ಮೊದಲು ಒಂದು ಬಿಟ್ಟು ಒಂದು ಗೆರೆ, ನಂತರ ಉಳಿದವು. ಒಂದೇ ಗೆರೆಯಷ್ಟು ತೆಳುವಾದ ಅಡ್ಡರೇಖೆ ಒಂದು ಫೀಲ್ಡ್‌ನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದರಿಂದ ಮಿನುಗುತ್ತದೆ. ತೆಂಗಿನ ಗರಿಯ ಎಸಳುಗಳಿಗೂ, ಕನ್ನಡ ಅಕ್ಷರದ ತಲೆಕಟ್ಟಿಗೂ ಇದೇ ಪಾಡು. ಅವು ಕನಿಷ್ಠ ಎರಡು-ಮೂರು ಗೆರೆಯಷ್ಟು ದಪ್ಪವಿರಬೇಕು ಅಥವಾ ಮೇಲೆ-ಕೆಳಗೆ ತುಸು ಮಸುಕು ಮಾಡಬೇಕು.

ಫೀಲ್ಡ್‌ಗಳಲ್ಲಿ ಯಾವುದು ಮೊದಲು ಎಂಬುದೂ ಮುಖ್ಯ. ಎಚ್‌ಡಿಯಲ್ಲಿ ಮೇಲಿನದು, ಡಿವಿ ಮಾದರಿಯಲ್ಲಿ ಕೆಳಗಿನದು. ಅದಲುಬದಲಾದರೆ ಓಡುವ ವಸ್ತು ಹಿಂದೆ-ಮುಂದೆ ತುಯ್ದಾಡುತ್ತದೆ. ತೀವ್ರ ಚಲನೆ ಇಲ್ಲದಿದ್ದರೆ 25 ಫ್ರೇಮ್‌ಗಳ ಪ್ರೋಗ್ರೆಸಿವ್ ಆಯ್ಕೆಯೇ ಕ್ಷೇಮ.

ಅಂಚು, ಬಣ್ಣ

ಅನೇಕ ಟಿ.ವಿ.ಗಳು ಚಿತ್ರದ ಅಂಚನ್ನು ಮರೆಮಾಡುತ್ತವೆ. ಆದ್ದರಿಂದ ಮುಖ್ಯ ಚಲನೆ ಪರದೆಯ ಮಧ್ಯದ ಶೇ 90ರೊಳಗೆ, ಅಕ್ಷರಗಳು ಶೇ 80ರೊಳಗೆ ಇರಬೇಕೆಂಬುದು ಬಹುಕಾಲದ ರೂಢಿ. ಕನ್ನಡಕ್ಕೆ ಈ ಎಚ್ಚರ ಹೆಚ್ಚು ಬೇಕು. ಸಾಲಿನ ಕೆಳಗೆ ಇಳಿಯುವ ಒತ್ತಕ್ಷರ ಮರೆಯಾದರೆ ಪದವೇ ಬದಲಾದೀತು.

ಕಂಪ್ಯೂಟರ್‌ನಲ್ಲಿ ಕಪ್ಪು 0, ಬಿಳುಪು 255. ಪ್ರಸಾರದಲ್ಲಿ ಕಪ್ಪು 16, ಬಿಳುಪು 235. ಪರಿವರ್ತಿಸದೆ ಕಳುಹಿಸಿದರೆ ಒಡೆದ ಕಾಯಿಯ ಬಿಳಿಯ ಸೂಕ್ಷ್ಮ ಛಾಯೆಗಳೆಲ್ಲ ಒಂದೇ ಬಿಳುಪಾಗಿ ಬಿಡುತ್ತವೆ. ಬಣ್ಣದ ಮಾನಕವೂ ಎಸ್‌ಡಿಗೆ 601, ಎಚ್‌ಡಿಗೆ 709 ಎಂದು ಬೇರೆ ಬೇರೆ. ತಪ್ಪಿದರೆ ತೋಟದ ಹಸಿರಿನ ಛಾಯೆಯೇ ಬದಲಾಗುತ್ತದೆ.

ವಿದ್ಯುತ್ ಕೈಕೊಟ್ಟರೆ

ಫ್ರೇಮಿಗೆ ಒಂದು ನಿಮಿಷ ಹಿಡಿದರೂ 750 ಫ್ರೇಮ್‌ಗಳ ರೆಂಡರಿಂಗ್‌ಗೆ ಹನ್ನೆರಡೂವರೆ ಗಂಟೆ ಬೇಕು. ನೇರವಾಗಿ ಒಂದೇ ವಿಡಿಯೊ ಕಡತವಾಗಿ ಉಳಿಸುತ್ತಿದ್ದರೆ, ನಡುವೆ ಕರೆಂಟು ಹೋದಾಗ ಅಷ್ಟೂ ಶ್ರಮ ಹಾಳಾಗಬಹುದು. ಪ್ರತಿ ಫ್ರೇಮನ್ನೂ ಪ್ರತ್ಯೇಕ ಚಿತ್ರವಾಗಿ ಉಳಿಸಿದರೆ ನಷ್ಟವಾಗುವುದು ಒಂದೇ ಫ್ರೇಮ್, ನಿಂತಲ್ಲಿಂದಲೇ ಮುಂದುವರಿಸಬಹುದು. ವಿಡಿಯೊ ಜೋಡಣೆ ಕೊನೆಯ ಹಂತದ್ದು.

ಪ್ರಸಾರ ಮಾಡುವ ವಾಹಿನಿಯಿಂದ ಅಳತೆ, ಫೀಲ್ಡ್ ಕ್ರಮ, ಕಡತದ ಮಾದರಿಗಳನ್ನು ಬರಹದಲ್ಲಿ ಪಡೆಯುವುದು ಒಳಿತು. ಹತ್ತು ಸೆಕೆಂಡುಗಳ ತುಣುಕನ್ನು ಮೊದಲು ರೆಂಡರ್ ಮಾಡಿ, ಮನೆಯ ಸಾಮಾನ್ಯ ಟಿ.ವಿ.ಯಲ್ಲೇ ನೋಡಬೇಕು. ಆಗ ಕಂಡ ತಪ್ಪನ್ನು ತಿದ್ದಲು ಕೆಲವು ಗಂಟೆ ಸಾಕು. ಪ್ರಸಾರದ ದಿನ ಕಂಡ ತಪ್ಪಿಗೆ ಇಡೀ ಕೆಲಸವನ್ನೇ ಮತ್ತೆ ಮಾಡಬೇಕಾದೀತು.