ಕನ್ನಡ ನಾಡಿನ ಮಾಳಿಗೆಗಳೂ ಅವುಗಳ ಸಂರಕ್ಷಣೆಯೂ

ಮನೆಯನ್ನು ಕಟ್ಟುವುದು ಒಂದು ಕಾಲದ ಕಾರ್ಯವು; ಅದನ್ನು ಕಾಯುವುದು ಎಲ್ಲ ಕಾಲದ ಕಾರ್ಯವು. ಕಟ್ಟಿದವರ ಹೆಸರು ಶಿಲಾಶಾಸನಗಳಲ್ಲಿ ಉಳಿಯುತ್ತದೆ. ವರ್ಷವರ್ಷವೂ ಮಾಳಿಗೆಯನ್ನೇರಿ ಹುಲ್ಲು ಕಿತ್ತು, ಬಿರುಕು ಮುಚ್ಚಿ, ದೋಣಿಯ ಕಸ ತೆಗೆದವರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೂ ಪ್ರಾಚೀನವಾದ ಗುಡಿ, ಮಠ, ವಾಡೆಗಳಲ್ಲಿ ಇಂದಿಗೂ ನಿಂತಿರತಕ್ಕವುಗಳು ಈ ಎರಡನೆಯ ವರ್ಗದವರ ದುಡಿಮೆಯಿಂದಲೇ ನಿಂತಿವೆ ಎಂಬುದು ವಿಚಾರಿಸಿ ನೋಡುವವರಿಗೆ ವಿದಿತವಾಗದೆ ಇರದು.

ಕನ್ನಡ ನಾಡಿನಲ್ಲಿ ಮೇಲ್ಛಾವಣಿಯ ಆಕಾರವನ್ನು ನಿಶ್ಚಯಿಸಿದುದು ಮುಖ್ಯವಾಗಿ ಮಳೆಯೇ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ವೃಷ್ಟಿಯು ಅಪಾರವಾದುದರಿಂದ ಅಲ್ಲಿಯ ಮನೆಗಳಿಗೆ ಕಡಿದಾದ ಇಳಿಜಾರಿನ ಹುಲ್ಲಿನ ಅಥವಾ ಹೆಂಚಿನ ಮಾಡುಗಳು ಅವಶ್ಯವಾದುವು. ವಿಜಾಪುರ, ರಾಯಚೂರು, ಬಳ್ಳಾರಿ ಮುಂತಾದ ಬಯಲುಸೀಮೆಯಲ್ಲಾದರೋ ವರ್ಷಕ್ಕೆ ಬೀಳುವ ಮಳೆಯು ಸುಮಾರು ೫೦೦ರಿಂದ ೭೦೦ ಮಿಲಿಮೀಟರು ಮಾತ್ರ. ಬಿಸಿಲಿನ ತಾಪವು ಅತಿಶಯವಾದ ಆ ಸೀಮೆಯಲ್ಲಿ ದಪ್ಪವಾದ ಸಮತಲ ಮಾಳಿಗೆಯು ಒಳಗನ್ನು ತಂಪಾಗಿಡುವುದು. ಕಾಳು ಒಣಗಿಸುವುದಕ್ಕೂ, ಬೇಸಗೆಯ ರಾತ್ರಿ ಮಲಗುವುದಕ್ಕೂ ಮೇಲೆ ಅಂಗಳವೊಂದು ದೊರೆಯುವುದು. ಹೀಗೆ ಸೌಕರ್ಯವು ದೊಡ್ಡದು, ದೋಷವು ಒಂದೇ. ಇಳಿಜಾರಿನ ಮಾಡು ನೀರನ್ನು ತಾನಾಗಿ ಕಳುಹಿಸಿಬಿಡುತ್ತದೆ. ಸಮತಲದ ಮಾಳಿಗೆಯ ಮೇಲಣ ನೀರನ್ನು ಮನುಷ್ಯನೇ ಕಳುಹಿಸಬೇಕು.

ಈ ದೋಷವನ್ನು ಪೂರ್ವಿಕರು ಮೊದಲಿನಿಂದಲೇ ಅರಿತಿದ್ದರೆಂಬುದಕ್ಕೆ ಐಹೊಳೆಯ ಲಾಡಖಾನ ಗುಡಿಯು ಸಾಕ್ಷಿಯಾಗಿದೆ. ಇದನ್ನು ಹಿಂದಿನ ವಿದ್ವಾಂಸರು ೫ನೆಯ ಶತಮಾನದ್ದೆಂದು ಭಾವಿಸಿದ್ದರು; ಈಗ ಹೆಚ್ಚಿನವರು ೭ನೆಯ ಶತಮಾನದ ಅಂತ್ಯ ಅಥವಾ ೮ನೆಯ ಶತಮಾನದ ಆದಿಯೆಂದು ಹೇಳುತ್ತಾರೆ. ಇದರ ನಡುಭಾಗದ ಛಾವಣಿಯು ಸಮತಲವಾಗಿದ್ದು, ಸುತ್ತಲಿನ ಭಾಗವು ಹೊರಗಡೆಗೆ ಇಳಿಜಾರಾಗಿದೆ. ಇಳಿಜಾರಿನ ಚಪ್ಪಡಿಗಳು ಒಂದಕ್ಕೊಂದು ಕೂಡುವ ಸಂದುಗಳ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊಂದಿಸಿದ್ದಾರೆ. ಮರದ ಕಟ್ಟಡದ ರೂಢಿಯನ್ನೇ ಶಿಲ್ಪಿಗಳು ಶಿಲೆಗೆ ತಂದರೆಂದು ಬಲ್ಲವರು ಹೇಳುವರು. ಕಲ್ಲು ಸೋರುವುದಿಲ್ಲ, ಸಂದು ಸೋರುತ್ತದೆ ಎಂಬ ತತ್ತ್ವವನ್ನು ಚಾಲುಕ್ಯರ ಕಾಲದ ಆ ಶಿಲ್ಪಿಗಳು ಹೀಗೆ ಕಲ್ಲಿನಲ್ಲಿಯೇ ತೋರಿಸಿಟ್ಟಿದ್ದಾರೆ.

ವಿಜಯನಗರದ ಕಾಲದ ಗುಡಿಗಳಲ್ಲಿ ಕಲ್ಲಿನ ಚಪ್ಪಡಿಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಹೊದಿಕೆಯನ್ನು ಹಾಕಿ, ನೀರು ಹರಿದುಹೋಗುವಂತೆ ಇಳುಕಲು ಕೊಡುತ್ತಿದ್ದರು. ಕ್ರಿ. ಶ. ೧೫೬೫ರ ಯುದ್ಧದ ತರುವಾಯ ಆ ಮಹಾನಗರವು ಬರಿದಾಯಿತು. ಶತ್ರುಗಳು ಕೆಡವಿದುದನ್ನು ಎಲ್ಲರೂ ಬಲ್ಲರು. ಆದರೆ ಶತ್ರುವು ಮುಟ್ಟದೆ ಉಳಿದ ಮಂಟಪಗಳನ್ನು ಕಾಲವು ಕೆಡವಿದ ಬಗೆಯನ್ನು ಆಲೋಚಿಸುವವರು ವಿರಳ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಅದರಲ್ಲಿ ಧೂಳು ನಿಲ್ಲುತ್ತದೆ. ಹಕ್ಕಿಯು ತಂದು ಹಾಕಿದ ಅಶ್ವತ್ಥದ ಬೀಜವು ಆ ಧೂಳಿನಲ್ಲಿ ಮೊಳೆಯುತ್ತದೆ. ಬೇರು ಬಲಿತು ಚಪ್ಪಡಿಯನ್ನೇ ಸರಿಸುತ್ತದೆ. ಮೊದಲನೆಯ ವರ್ಷ ಎರಡು ಬೆರಳುಗಳಿಂದ ಕೀಳಬಹುದಾಗಿದ್ದ ಸಸಿಯನ್ನು ನೂರು ವರ್ಷಗಳ ಮೇಲೆ ನೂರು ಆಳುಗಳು ಕೂಡಿದರೂ ಗೋಡೆ ಒಡೆಯದೆ ತೆಗೆಯಲಾರರು.

ಜನಸಾಮಾನ್ಯರ ಮನೆಗಳಿಗೂ ಅನೇಕ ಮಠಗಳಿಗೂ ಇದ್ದುದು ಮಣ್ಣಿನ ಮಾಳಿಗೆ. ಉತ್ತರದ ಸೀಮೆಯಲ್ಲಿ ಇದಕ್ಕೆ ಮೇಲ್ಮುದ್ದೆ ಎಂದು ಹೆಸರು. ಕಂಬ, ಬೋದಿಗೆ, ತೊಲೆಗಳ ಮೇಲೆ ಜಂತಿಗಳನ್ನು ಸಾಲಾಗಿಟ್ಟು, ಅವುಗಳ ಮೇಲೆ ಹಲಗೆಯನ್ನಾಗಲಿ ಕಟ್ಟಿಗೆಯ ಸೀಳುಗಳನ್ನಾಗಲಿ ಹೊಂದಿಸಿ, ಕೆಲವೆಡೆ ಗೆದ್ದಲು ಹತ್ತದಂತೆ ಬೇವಿನ ಸೊಪ್ಪನ್ನು ಹರಡಿ, ಆ ಮೇಲೆ ಮಣ್ಣನ್ನು ಹಾಕಿ ಬಡಿದು ಗಟ್ಟಿಮಾಡುವರು. ಎಲ್ಲ ಮಣ್ಣೂ ಇದಕ್ಕೆ ಸಲ್ಲದು. ಹೊಲದ ಎರೆಮಣ್ಣು ಬೇಸಗೆಯಲ್ಲಿ ಬಿರಿಯುವುದರಿಂದ ಮಾಳಿಗೆಯ ಹೊದಿಕೆಗೆ ನಿಷಿದ್ಧವಾಯಿತು. ಹಾಳೂರುಗಳ ದಿಬ್ಬದಿಂದ ತಂದ ಬೂದಿಬಣ್ಣದ ಹಾಳುಮಣ್ಣು, ಬಳ್ಳಾರಿಯ ಕಡೆಯಲ್ಲಿ ಚೌಳು ಮಣ್ಣು, ಇವು ಶ್ರೇಷ್ಠವೆಂದು ಎಣಿಕೆಯಾದುವು. ಚೌಳಿನಲ್ಲಿ ಸೋಡಿಯಮ್ ಅಂಶವು ಅಧಿಕವಾಗಿರುವುದರಿಂದ, ನೀರು ತಗಲಿದೊಡನೆ ಜೇಡಿಯ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ರಂಧ್ರಗಳನ್ನು ತಾವೇ ಮುಚ್ಚಿಬಿಡುತ್ತವೆ. ಬೆಳೆಗೆ ಬಾರದ ಮಣ್ಣು ಮನೆಗೆ ಬಂದಿತು. ಈ ಗುಣದ ಕಾರಣವನ್ನು ರಸಾಯನಶಾಸ್ತ್ರವು ಈಚೆಗೆ ಹೇಳಿತು. ಗುಣವನ್ನು ಒಕ್ಕಲಿಗನು ಎಂದೋ ಕಂಡುಕೊಂಡಿದ್ದನು.

ಈ ಮಾಳಿಗೆಗೆ ವಾರ್ಷಿಕ ನಿಯಮವೊಂದಿತ್ತು. ರೋಹಿಣಿ ಮಳೆ ಕೂಡುವುದಕ್ಕೆ ಮುನ್ನವೇ ಮೇಲೇರಿ, ಒಣಗಿದ ಹುಲ್ಲನ್ನು ಬೇರುಸಹಿತ ಕಿತ್ತು, ಇಲಿ ಹೆಗ್ಗಣಗಳ ಬಿಲಗಳನ್ನು ಮುಚ್ಚಿ, ಸಡಿಲವಾದ ಮಣ್ಣನ್ನು ಹೆರೆದು ತೆಗೆದು, ಹೊಸ ಮಣ್ಣನ್ನು ತೆಳುವಾಗಿ ಹರಡಿ ಬಡಿಯಬೇಕು. ಕುಂಬಿಯ ಬುಡವನ್ನೂ ಬೆಳಕಿಂಡಿಯ ಸುತ್ತಣ ಕಟ್ಟೆಯನ್ನೂ ವಿಶೇಷವಾಗಿ ಪರೀಕ್ಷಿಸಬೇಕು; ದೋಣಿಗಳ ಬಾಯಿ ಬಿಡಿಸಬೇಕು. ಮಳೆ ಬೀಳುತ್ತಿರುವಾಗಲೇ ಮೇಲೇರಿ, ನೀರು ನಿಲ್ಲುವ ತಗ್ಗನ್ನು ಗುರುತಿಸಿ ಸಮಮಾಡುವುದೂ ಉಂಟು. ಸೋರುವ ಮಾಳಿಗೆಯು ಆ ಸೀಮೆಯ ಜನರಿಗೆ ಎಷ್ಟು ಪರಿಚಿತವಾಗಿತ್ತೆಂದರೆ, ಶಿಶುನಾಳದ ಶರೀಫಸಾಹೇಬರು (೧೮೧೯–೧೮೮೯) ಅದನ್ನೇ ಒಂದು ತತ್ತ್ವಪದಕ್ಕೆ ವಸ್ತುವನ್ನಾಗಿ ಮಾಡಿಕೊಂಡರು; ಕೇಳಿದವರಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ಈ ನಿಯಮದಲ್ಲಿ ಹಳೆಯದನ್ನು ತೆಗೆಯುವುದು ಎಂಬ ಅರ್ಧವನ್ನು ಮರೆತು, ಹೊಸದನ್ನು ಹಾಕುವುದು ಎಂಬ ಅರ್ಧವನ್ನು ಮಾತ್ರ ನಡೆಸಿದಲ್ಲಿ ಮಹತ್ತಾದ ಅನರ್ಥವು ಸಂಭವಿಸಿತು. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಒಂದು ಅಂಕಣದ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಅದು ೨೦೦ ಘನ ಅಡಿಯಾಗುವುದು. ಘನ ಅಡಿಗೆ ಸುಮಾರು ೪೫ ಕಿಲೋಗ್ರಾಮಿನಂತೆ ೯೦೦೦ ಕಿಲೋಗ್ರಾಮು ಭಾರವು ಮಲಗಿದವರ ತಲೆಯ ಮೇಲಿದ್ದಂತಾಯಿತು. ನೆನೆದಾಗ ಇದು ಮತ್ತಷ್ಟು ಹೆಚ್ಚುತ್ತದೆ. ೧೯೯೩ನೆಯ ಸೆಪ್ಟೆಂಬರ ೩೦ರ ನಸುಕಿನಲ್ಲಿ ಕನ್ನಡ ನಾಡಿನ ಗಡಿಗೆ ಹತ್ತಿಕೊಂಡಿರುವ ಲಾತೂರು ಜಿಲ್ಲೆಯ ಕಿಲ್ಲಾರಿ ಪ್ರಾಂತದಲ್ಲಿ ಭೂಕಂಪವಾದಾಗ, ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳು ಬಿರಿದು, ಅವುಗಳ ಮೇಲಣ ಎರಡಡಿಯಷ್ಟು ದಪ್ಪದ ಮಣ್ಣಿನ ಮಾಳಿಗೆಗಳು ನಿದ್ರಿಸುತ್ತಿದ್ದವರ ಮೇಲೆ ಕುಸಿದುವು. ಸಾವಿರಾರು ಜನರು ಮಡಿದರು. ಸೋರಬಾರದೆಂದು ತಲೆಮಾರುಗಳಿಂದ ಹೇರುತ್ತ ಬಂದ ಮಣ್ಣೇ ಅಲ್ಲಿ ಮೃತ್ಯುವಾಯಿತು.

ನೀರಿನಿಂದಾದ ಅನರ್ಥವು ೨೦೦೯ರಲ್ಲಿ ಕಂಡುಬಂದಿತು. ಸೆಪ್ಟೆಂಬರ ಕಡೆಯಿಂದ ಅಕ್ಟೋಬರ ಮೊದಲವರೆಗೆ, ಹಸ್ತ ಮಳೆಯಲ್ಲಿ, ಉತ್ತರ ಕರ್ನಾಟಕದ ಬಯಲುಸೀಮೆಯ ಮೇಲೆ ಬಿಡುವಿಲ್ಲದೆ ವೃಷ್ಟಿಯಾಯಿತು. ಅಲ್ಪ ಮಳೆಗಾಗಿ ಕಟ್ಟಿದ ಮಣ್ಣಿನ ಮನೆಗಳು ನೆನೆದು ಸಾಲುಸಾಲಾಗಿ ಬಿದ್ದುವು. ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರನ್ನು ಕೊಂದುದು ಹೊಳೆಯ ಪ್ರವಾಹವಲ್ಲ, ತಮ್ಮದೇ ಮನೆಯ ಗೋಡೆ ಮಾಳಿಗೆಗಳು.

ಸೋರಿಕೆಯಿಂದ ನಷ್ಟವಾಗುವುದು ಜೀವ, ಧಾನ್ಯಗಳು ಮಾತ್ರವಲ್ಲ. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಶತಮಾನಗಳ ಕಾಲ ತಾಡವಾಲೆಯ ಕಟ್ಟುಗಳು ಇಂತಹ ಮಾಳಿಗೆಗಳ ಕೆಳಗೆಯೇ ಇದ್ದುವು. ತೇವವು ಸೋಕಿದ ಗರಿಗೆ ಬೂಷ್ಟು ಹತ್ತುತ್ತದೆ, ಗರಿಗಳು ಒಂದಕ್ಕೊಂದು ಅಂಟುತ್ತವೆ, ಹುಳುವು ಉಳಿದುದನ್ನು ತಿನ್ನುತ್ತದೆ. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಊರೂರು ತಿರುಗಿ ಹಸ್ತಪ್ರತಿಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದುದನ್ನು ಭಕ್ತಮಹಾಜನರು ಬಲ್ಲರು. ಅವರ ಕೈಗೆ ಗರಿಗಳು ಓದಲು ಬರುವಂತೆ ಸಿಕ್ಕಿದ್ದರೆ, ಆ ಮೊದಲು ಎಷ್ಟೋ ಮಳೆಗಾಲಗಳಲ್ಲಿ ಯಾರೋ ಮಾಳಿಗೆಯನ್ನೇರಿ ಬಿರುಕನ್ನು ಮುಚ್ಚಿದ್ದರು.

ಮದ್ರಾಸು ತಾರಸಿಯೆಂಬುದು ದಕ್ಷಿಣದಲ್ಲಿ ಬಳಕೆಗೆ ಬಂದ ಇನ್ನೊಂದು ವಿಧಾನವು. ಮರದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿ, ಮೇಲೆ ಇಟ್ಟಿಗೆಚೂರಿನ ಗಾರೆಯನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ಚಿಮುಕಿಸುತ್ತ, ಆಳುಗಳು ಸಾಲಾಗಿ ಕುಳಿತು ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟು ಮತ್ತು ಕಬ್ಬಿಣದ ಸರಳುಗಳ ಕಾಂಕ್ರೀಟು ತಾರಸಿಯು ಎಲ್ಲೆಡೆ ಹಬ್ಬಿತು. ಇದು ಸೋರುವುದೇ ಇಲ್ಲವೆಂಬ ನಂಬಿಕೆಯಿಂದ ಮೇಲೇರಿ ನೋಡುವ ಪದ್ಧತಿಯೇ ಅಳಿಯತೊಡಗಿತು. ಆದರೆ ಬಿರುಕಿನಲ್ಲಿ ಇಳಿದ ನೀರು ಸರಳನ್ನು ಮುಟ್ಟಿದರೆ ಅದು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಒಡೆದು ಉದುರುತ್ತದೆ. ಹಳೆಯ ಮಾಳಿಗೆಯು ಹನಿಯಿಟ್ಟು ಎಚ್ಚರಿಸುತ್ತಿತ್ತು. ಹೊಸದು ಬಹುಕಾಲ ಮೌನವಾಗಿದ್ದು ಕಡೆಗೆ ಕಳಚುತ್ತದೆ.

ವಸ್ತುವು ಕಲ್ಲಾಗಲಿ, ಮಣ್ಣಾಗಲಿ, ಗಾರೆಯಾಗಲಿ, ಕಾಂಕ್ರೀಟಾಗಲಿ, ಧರ್ಮವು ಒಂದೇ. ಹತ್ತಡಿಗೆ ಒಂದೆರಡು ಅಂಗುಲವಾದರೂ ಇಳುಕಲಿರಬೇಕು, ದೋಣಿಗಳು ತೆರೆದಿರಬೇಕು, ಗೋಡೆಯೂ ಛಾವಣಿಯೂ ಕೂಡುವ ಮೂಲೆಗಳನ್ನು ಮೊದಲು ನೋಡಬೇಕು, ಸಸಿಯನ್ನು ಎಳೆಯದಿರುವಾಗಲೇ ಕೀಳಬೇಕು, ಹಳೆಯ ಹೊದಿಕೆಯನ್ನು ತೆಗೆಯದೆ ಹೊಸದನ್ನು ಹೇರಬಾರದು. ಮಳೆಗಾಲಕ್ಕೆ ಮೊದಲೊಮ್ಮೆ, ಕಳೆದ ಮೇಲೊಮ್ಮೆ ಮಾಳಿಗೆಯನ್ನು ಏರಬೇಕು. ಹಿರಿಯರು ಕಟ್ಟಿಸಿದ ಪಡಸಾಲೆಯಲ್ಲಿ ಮುಂದಿನ ಪೀಳಿಗೆಯವರು ಒಣಗಿದ ನೆಲದ ಮೇಲೆ ಕುಳಿತು ಓದಬೇಕಾದರೆ, ಕಟ್ಟಿಸಿದವರ ಔದಾರ್ಯದೊಡನೆ ಏಣಿ ಹಿಡಿದವರ ಜಾಗರೂಕತೆಯೂ ಕೂಡಿರಬೇಕೆಂಬುದೇ ಈ ಚರಿತ್ರೆಯ ತಾತ್ಪರ್ಯವು.