ರಕ್ತ ಬರೆದಿಟ್ಟ ಕಡತ

ಇತಿಹಾಸದ ವಿದ್ಯಾರ್ಥಿಗೆ ಪತ್ರಾಗಾರವೆಂದರೆ ಕಪಾಟು, ಕಟ್ಟು, ಧೂಳು ಹಿಡಿದ ಕಡತ. ಪಿಎಚ್.ಡಿ.ಗಾಗಿ ಮಲೆನಾಡಿನ ರೋಗಗಳ ಚರಿತ್ರೆ ಓದತೊಡಗಿದ ಮೇಲೆ ನನಗೆ ಇನ್ನೊಂದು ಪತ್ರಾಗಾರ ಕಂಡಿತು: ಮನುಷ್ಯನ ರಕ್ತ. ದೇಹ ಹೊಕ್ಕ ಎಷ್ಟೋ ವೈರಾಣುಗಳ ಗುರುತು ಅಲ್ಲಿ ಪ್ರತಿಕಾಯಗಳ ರೂಪದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಈ ಕಡತವನ್ನು ಓದಿದ ಎರಡು ಪ್ರಸಂಗಗಳನ್ನು ಇಲ್ಲಿ ಜೊತೆಗಿಟ್ಟು ನೋಡುತ್ತೇನೆ.

ಮೊದಲನೆಯದು ನಮ್ಮದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸುವಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅವರನ್ನು ಮೊದಲು ಕಾಡಿದ್ದು ಹಳದಿ ಜ್ವರದ ಭಯ. ವೈರಾಣುವನ್ನು ಬೇರ್ಪಡಿಸಿ, ಆಗಲೇ ಗೊತ್ತಿದ್ದ ವೈರಾಣುಗಳ ಪ್ರತಿಕಾಯಗಳೊಡನೆ ಇಟ್ಟು ನೋಡಿದಾಗ ಸಂಗತಿ ಬೇರೆಯಾಯಿತು. ಇದು ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಹರಡುವ ಮೆದುಳು ಜ್ವರದ ವೈರಾಣುವಿನ ನೆಂಟ! ಹಾಗಾದರೆ ಆ ರೋಗದ ಲಸಿಕೆ ಇಲ್ಲಿಗೂ ಆದೀತೆಂದು ಮಲೆನಾಡಿನವರಿಗೆ ಕೊಟ್ಟು ನೋಡಿದರು. ಫಲಿಸಲಿಲ್ಲ. ಪ್ರತಿಕಾಯ ನೆಂಟಸ್ತಿಕೆಯನ್ನು ಗುರುತಿಸಿತು; ರಕ್ಷಣೆಗೆ ಅಷ್ಟು ಸಾಲಲಿಲ್ಲ. ಮುಂದೆ ಮಂಗನ ಕಾಯಿಲೆಯ ವೈರಾಣುವಿನಿಂದಲೇ ಲಸಿಕೆ ತಯಾರಾಯಿತು. ಅದರ ಬಲವೂ ಬೇಗ ಕುಂದುತ್ತಿತ್ತು, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಎರಡನೆಯದು ಅದೇ ಕುಟುಂಬದಲ್ಲಿ ಬಹುಕಾಲ ಎಣಿಸಲ್ಪಟ್ಟ ಹೆಪಟೈಟಿಸ್ ಸಿ ವೈರಾಣುವಿನದು. 1970ರ ದಶಕದಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಸಂಗಡಿಗರು, ರಕ್ತ ಪಡೆದವರಿಗೆ ಬರುವ ಯಕೃತ್ತಿನ ಉರಿಯೂತ ಎಷ್ಟೋ ಸಲ ಎ ಬಗೆಯದೂ ಅಲ್ಲ, ಬಿ ಬಗೆಯದೂ ಅಲ್ಲ ಎಂದು ತೋರಿಸಿದರು. ಆದರೆ ಕಾರಣವಾದ ವೈರಾಣು ಕೈಗೆ ಸಿಗಲಿಲ್ಲ. 1989ರಲ್ಲಿ ಮೈಕಲ್ ಹಾಟನ್ ಅವರ ತಂಡ ಅದನ್ನು ಹಿಡಿದ ಬಗೆ ವಿಚಿತ್ರ. ಸೋಂಕಿತ ಚಿಂಪಾಂಜಿಯ ರಕ್ತದಿಂದ ತೆಗೆದ ಆನುವಂಶಿಕ ತುಣುಕುಗಳನ್ನು ಬ್ಯಾಕ್ಟೀರಿಯಾಗಳಿಗೆ ಸೇರಿಸಿ ಪ್ರೊಟೀನ್ ಮಾಡಿಸಿದರು. ರೋಗಿಯ ರಕ್ತದ ಪ್ರತಿಕಾಯ ಯಾವುದಕ್ಕೆ ಅಂಟುತ್ತದೆಂದು ಹುಡುಕಿದರು. ಲಕ್ಷಾಂತರ ತುಣುಕುಗಳಲ್ಲಿ ಒಂದು ಸಿಕ್ಕಿತು. ಆರೋಪಿಯನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಪ್ರತಿಕಾಯವೇ ಸಾಕ್ಷಿ ಹೇಳಿತು. ಆ ಸಾಕ್ಷಿಯಿಂದಲೇ ದಾನದ ರಕ್ತವನ್ನು ಪರೀಕ್ಷಿಸುವ ವಿಧಾನ ಹುಟ್ಟಿತು. ಆಲ್ಟರ್, ಹಾಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು.

ಇಷ್ಟು ಚುರುಕಾದ ಸಾಕ್ಷಿ ಕಾವಲುಗಾರನಾಗಿ ಏಕೆ ಸೋಲುತ್ತದೆ? ವೈರಾಣು ತನ್ನ ಹೊರಕವಚದ ಇ2 ಎಂಬ ಪ್ರೊಟೀನಿನಿಂದ ಯಕೃತ್ತಿನ ಕೋಶಕ್ಕೆ ಅಂಟಿಕೊಂಡು ಒಳಹೋಗುತ್ತದೆ. ಪ್ರತಿಕಾಯ ಅಲ್ಲೇ ಅಡ್ಡ ನಿಂತರೆ ಬಾಗಿಲು ಮುಚ್ಚಿದಂತೆ. ಆದರೆ ಈ ವೈರಾಣು ತನ್ನ ನಕಲು ಮಾಡುವಾಗ ಅಡಿಗಡಿಗೆ ತಪ್ಪುತ್ತದೆ. ಆ ತಪ್ಪುಗಳಿಂದ ಕವಚದ ಒಂದು ಭಾಗ ಬದಲಾಗುತ್ತಲೇ ಇರುತ್ತದೆ. ಉಳಿದದ್ದನ್ನು ಸಕ್ಕರೆಯ ಅಣುಗಳು ಮುಚ್ಚಿಡುತ್ತವೆ. ದೇಹ ನಿನ್ನೆಯ ಮುಖಕ್ಕೆ ಪ್ರತಿಕಾಯ ತಯಾರಿಸುವ ಹೊತ್ತಿಗೆ ವೈರಾಣು ಇಂದಿನ ಮುಖ ಹೊತ್ತು ನಿಂತಿರುತ್ತದೆ. ಸೋಂಕಿತರಲ್ಲಿ ಸುಮಾರು 30%ರಷ್ಟು ಮಂದಿಯಲ್ಲಿ ಮಾತ್ರ, ಪ್ರತಿಕಾಯ ಮತ್ತು ಟಿ ಕೋಶಗಳು ಕೂಡಿ, ಆರು ತಿಂಗಳೊಳಗೆ ಅದನ್ನು ಹೊರಹಾಕುತ್ತವೆ. ಉಳಿದವರಲ್ಲಿ ಪ್ರತಿಕಾಯವೂ ಇರುತ್ತದೆ, ವೈರಾಣುವೂ ಇರುತ್ತದೆ. ಇದಕ್ಕೆ ಇಂದಿಗೂ ಲಸಿಕೆಯಿಲ್ಲ.

ಹಾಗಾಗಿ ಈ ಕಡತವನ್ನು ಓದುವಾಗ ಎಚ್ಚರ ಬೇಕು. ಹಳೆಯ ಕಂದಾಯ ಪುಸ್ತಕದಲ್ಲಿ ಒಬ್ಬರ ಹೆಸರಿದ್ದರೆ ಅವರು ಆ ಊರಲ್ಲಿದ್ದರು ಎಂದು ಹೇಳಬಹುದು, ಈಗಲೂ ಇದ್ದಾರೆ ಎನ್ನಲಾಗದು. ಪ್ರತಿಕಾಯ ಪರೀಕ್ಷೆಯಲ್ಲಿ 'ಪಾಸಿಟಿವ್' ಎಂದು ಬಂದರೂ ಅಷ್ಟೇ. ಈಗಲೂ ಸೋಂಕಿದೆಯೇ ಎಂದು ತಿಳಿಯಲು ವೈರಾಣುವಿನ ಆರ್‌ಎನ್‌ಎ ಪರೀಕ್ಷೆ ಆಗಬೇಕು. ಮಾತ್ರೆಗಳಿಂದ ಪೂರ್ತಿ ಗುಣವಾದವರ ರಕ್ತದಲ್ಲೂ ಪ್ರತಿಕಾಯ ಉಳಿದಿರುತ್ತದೆ. ಅದು ಮರುಸೋಂಕನ್ನು ತಡೆಯುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಒಂದು ಚೀಟಿ ನೋಡಿ ಮದುವೆಯ ಮಾತು ಮುರಿಯುವುದು, ಕೆಲಸ ತಪ್ಪಿಸುವುದು ಅನ್ಯಾಯ. ಗುಣಪಡಿಸುವ ಮಾತ್ರೆಗಳಿವೆ, 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅವು ಉಚಿತ.

ಕೊಡಗಿನವಳಾದ ನನಗೆ ಈ ಓದು ದೂರದ್ದಲ್ಲ. ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ, 2015ರಲ್ಲಿ ಪಕ್ಕದ ವಯನಾಡಿನಲ್ಲಿ ಕಾಣಿಸಿತು. ಕಾಡಿನಂಚಿನ ತೋಟಗಳಲ್ಲಿ ದುಡಿಯುವವರು, ಸೌದೆ ತರುವವರು, ದನ ಮೇಯಿಸುವವರು ತಮ್ಮ ಜ್ವರಗಳ ಚರಿತ್ರೆ ಬರೆದಿಟ್ಟವರಲ್ಲ. ಅವರ ರಕ್ತ ಬರೆದಿಟ್ಟಿರುತ್ತದೆ. ಅದನ್ನು ಕೇಳಿ ಪಡೆದು, ಸರಿಯಾಗಿ ಓದಿ, ಅಲ್ಲಿ ಕಂಡದ್ದನ್ನು ಮೊದಲು ಅವರಿಗೇ ತಿಳಿಸುವುದು ಓದಿದವರ ಹೊಣೆ.